ಅಕ್ಕಸಾಲಿಗನ ಹೆಬ್ಬೆರಳು

"ಎಚ್ಚರಿಕೆ ಯಾವುದು, ಭಯ ಯಾವುದು ಎಂದು ತಿಳಿಯುವುದು ಹೇಗೆ, ಗುರುಗಳೇ?" ಎಂದು ಶಿಷ್ಯ ಸಾಂಬಯ್ಯ ಕೇಳಿದ. ಹಿಂದೊಮ್ಮೆ ಪ್ರವಚನದ ನಡುವೆ ಮಾತು ಮರೆತು ಸಭೆಯ ಮುಂದೆ ತಡವರಿಸಿದ್ದವನು ಅವನು. ಆಮೇಲೆ ಪ್ರವಚನ ಹೇಳಲು ಕೂತಿರಲಿಲ್ಲ. ಇನ್ನೂ ಓದಿಕೊಳ್ಳಬೇಕು ಎನ್ನುತ್ತಿದ್ದ.

ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಕ್ಕಸಾಲಿಗನಿದ್ದ. ಒಡವೆ ಮಾಡುವುದರ ಜೊತೆಗೆ ಮಕ್ಕಳ ಕಿವಿಯನ್ನೂ ಚುಚ್ಚುತ್ತಿದ್ದ. ಮಗು ಅಳಲು ಬಾಯಿ ತೆರೆಯುವಷ್ಟರಲ್ಲಿ ಅವನ ಕೆಲಸ ಮುಗಿದಿರುತ್ತಿತ್ತು. ವಯಸ್ಸಾದಂತೆ ಬಲಗೈ ಬೆರಳುಗಳ ಕೀಲು ಸವೆಯಿತು. ಹೆಬ್ಬೆರಳ ಬುಡದಲ್ಲಿ ನೋವು ಬಂದು ಕೂತುಬಿಟ್ಟಿತು. ಮಾತ್ರೆ ನುಂಗಿ ನುಂಗಿ ಹೊಟ್ಟೆಯಲ್ಲಿ ಹುಣ್ಣಾಯಿತು. ಇನ್ನು ಮಾತ್ರೆ ಮುಟ್ಟಕೂಡದೆಂದು ವೈದ್ಯರು ಹೇಳಿದರು. ಅವನು ಹಲ್ಲು ಕಚ್ಚಿಕೊಂಡು ಕೆಲಸ ಮಾಡಿದ.

ಒಂದು ದಿನ ಒಬ್ಬ ತಾಯಿ ತನ್ನ ಹೆಣ್ಣುಮಗುವನ್ನು ತಂದಳು. ಒಂದು ಕಿವಿ ಚುಚ್ಚಿದ್ದಾಯಿತು. ಇನ್ನೊಂದಕ್ಕೆ ಸೂಜಿ ಹಿಡಿದಾಗ ಮಗು ಮುಖ ತಿರುಗಿಸಿತು. ಅದೇ ಕ್ಷಣಕ್ಕೆ ಅವನ ಹೆಬ್ಬೆರಳು ಸೆಟೆದು ನಿಂತಿತು. ಸೂಜಿ ಕೆನ್ನೆಯನ್ನು ಗೀರಿಕೊಂಡು ಹೋಗಿ ಕಣ್ಣಿನ ಹತ್ತಿರ ನಿಂತಿತು. ತಾಯಿ ಬೈಯಲಿಲ್ಲ. ಸೆರಗಿನಿಂದ ರಕ್ತ ಒರೆಸಿ, ಮಗುವನ್ನು ಎದೆಗವಚಿಕೊಂಡು ಹೊರಟುಹೋದಳು.

ಅಂದಿನಿಂದ ಅವನಿಗೆ ತನ್ನ ಕೈ ಕಂಡರೆ ಭಯ. ಹೆಂಡತಿ ಎಣ್ಣೆ ಹಚ್ಚಲು ಬಂದರೆ ಎಳೆದುಕೊಳ್ಳುತ್ತಿದ್ದ. ಮಕ್ಕಳು ಹತ್ತಿರ ಸುಳಿದರೆ ಬೆನ್ನ ಹಿಂದೆ ಅಡಗಿಸುತ್ತಿದ್ದ.

ಮದ್ದಿಲ್ಲದೆ ಕೀಲುನೋವು ಇಳಿಸುವ ಹೊಸ ಚಿಕಿತ್ಸೆಯೊಂದು ಪಟ್ಟಣದಲ್ಲಿದೆಯೆಂದು ಹೆಂಡತಿ ಕೇಳಿದ್ದಳು. ಅವನನ್ನು ಅಲ್ಲಿಗೆ ಕರೆದೊಯ್ದಳು. ಇದ್ದ ಕೈಯ ಮೇಲೆ ಇಲ್ಲದ್ದನ್ನು ಸೇರಿಸಿ ತೋರಿಸುವ ಯಂತ್ರ ಅದು. ಕಣ್ಣಿಗೆ ಏನೇ ಕಂಡರೂ ಕೈಗೆ ಏನೂ ಆಗುವುದಿಲ್ಲವೆಂದು ವೈದ್ಯೆ ಮೊದಲೇ ತಿಳಿಸಿದಳು. ಅವನ ಕೈಯನ್ನು ಪೆಟ್ಟಿಗೆಯೊಳಗೆ ಇಡಿಸಿದಳು. ಮೇಲಿನ ಪರದೆಯಲ್ಲಿ ಅವನದೇ ಕೈ ಕಾಣಿಸಿತು. ಅವೇ ಉಗುರು, ಅಗ್ಗಿಷ್ಟಿಕೆಯ ಕಿಡಿ ಸುಟ್ಟ ಅದೇ ಕಲೆ. ವೈದ್ಯೆ ಹೆಬ್ಬೆರಳ ತುದಿಯನ್ನು ಮೆಲ್ಲಗೆ ಎಳೆದಳು. ಪರದೆಯ ಮೇಲೆ ಆ ಬೆರಳು ಚಿನ್ನದ ತಂತಿಯಂತೆ ಉದ್ದವಾಗತೊಡಗಿತು.

ಅವನಿಗೆ ಜೀವ ಹಾರಿದಂತಾಯಿತು. ಎಳೆದ ತಂತಿ ಸಣ್ಣಗಾಗುತ್ತ ಹೋಗಿ ಕೊನೆಗೆ ಏನಾಗುತ್ತದೆಂದು ಅವನು ಬಲ್ಲ. ಕೈ ಕಿತ್ತುಕೊಂಡು ಎದ್ದು ನಿಂತ. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡ. ಎಲ್ಲವೂ ಇದ್ದವು. ಆಗ ತಿಳಿಯಿತು, ಹೆಬ್ಬೆರಳು ನೋಯುತ್ತಿಲ್ಲ.

ಅದು ಅವನನ್ನು ಇನ್ನಷ್ಟು ಹೆದರಿಸಿತು. ಇಲ್ಲದ್ದನ್ನು ನೋಡಿ ನೋವು ಹೋಗುವುದಾದರೆ, ಇಷ್ಟು ವರ್ಷ ತಿಂದ ನೋವೂ ಇಲ್ಲದ್ದೇ ಆಗಿತ್ತೇ? ಹಾಗಾದರೆ ಆ ಮಗುವಿನ ಕೆನ್ನೆ ಗೀರಿದ್ದು ಯಾವುದು? ವೈದ್ಯೆಯನ್ನು ಕೇಳಿದ. ನೋವೂ ನಿಜ, ಕೀಲು ಸವೆದದ್ದೂ ನಿಜ ಎಂದು ಅವಳು ಹೇಳಿದಳು. ಕೀಲನ್ನು ಕಾಯುವ ಮಿದುಳು ಬಹಳ ಕಾಲದಿಂದ ಬೇಕಾದ್ದಕ್ಕಿಂತ ಜೋರಾಗಿ ಕೂಗುತ್ತಿರಬಹುದು, ಕಣ್ಣು ಬೇರೆ ಸುದ್ದಿ ಕೊಟ್ಟಾಗ ಕೆಲವರಲ್ಲಿ ಆ ಕೂಗು ತಗ್ಗುತ್ತದೆ, ಎಷ್ಟು ಹೊತ್ತು ತಗ್ಗಿರುತ್ತದೆ ಎಂದು ಮಾತು ಕೊಡಲಾರೆ ಎಂದಳು.

ಹೆದರುತ್ತಲೇ ಅವನು ಮತ್ತೆ ಮತ್ತೆ ಹೋದ. ಹೋದಾಗಲೆಲ್ಲ ಬೆರಳು ಸಡಿಲವಾಯಿತು. ಒಮ್ಮೊಮ್ಮೆ ಊರು ಮುಟ್ಟುವಷ್ಟರಲ್ಲಿ ನೋವು ಮರಳುತ್ತಿತ್ತು, ಒಮ್ಮೊಮ್ಮೆ ದಿನಗಟ್ಟಲೆ ಬರುತ್ತಿರಲಿಲ್ಲ. ಅವನು ಉಂಗುರಕ್ಕೆ ಹರಳು ಕೂರಿಸಿದ, ಸರದ ಕೊಂಡಿ ಬೆಸೆದ. ಕಿವಿ ಮಾತ್ರ ಚುಚ್ಚಲಿಲ್ಲ.

ಒಂದು ಬೆಳಿಗ್ಗೆ ಆ ತಾಯಿಯೇ ಮಗುವನ್ನು ಎತ್ತಿಕೊಂಡು ಬಂದಳು. ಕೈ ಗುಣವಾಗಿದೆಯೆಂದು ಕೇಳಿದೆ, ಉಳಿದ ಕಿವಿಯನ್ನೂ ನೀವೇ ಚುಚ್ಚಿ, ಚಿಕ್ಕಂದಿನಲ್ಲಿ ನನಗೆ ಚುಚ್ಚಿದವರೂ ನೀವೇ ಎಂದಳು. ಅವನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಅಂದು ಹೆಬ್ಬೆರಳು ಹರೆಯದಲ್ಲಿದ್ದಂತೆ ಹಗುರವಾಗಿತ್ತು. ತಾಯಿ ಮಗುವಿನ ತಲೆಯನ್ನು ಎದೆಗೆ ಒತ್ತಿ ಹಿಡಿದಳು. ಅವನು ಸೂಜಿಯನ್ನು ಕಿವಿಯ ಹತ್ತಿರ ತಂದ. ಕೈ ಅಲ್ಲೇ ನಿಂತಿತು. ನೋವು ಬಂದಿರಲಿಲ್ಲ. ಅವನು ಅದಕ್ಕಾಗಿ ಕಾಯುತ್ತಿದ್ದ. ಈಗ ಬಂದೀತು, ಸೂಜಿ ತಾಗಿದೊಡನೆ ಬಂದೀತು ಎಂದು ಮೈ ಬೆವತುಹೋಯಿತು.

"ನೋಯುತ್ತಿದೆಯೇ?" ಎಂದು ತಾಯಿ ಕೇಳಿದಳು.

"ಇಲ್ಲ ತಾಯಿ. ಯಾವಾಗ ಬರುತ್ತದೋ ಗೊತ್ತಿಲ್ಲ. ಪಕ್ಕದ ಬೀದಿಯ ಅಕ್ಕಸಾಲಿಗರ ಹತ್ತಿರ ಚುಚ್ಚಿಸಿಬಿಡಿ."

ಅವನು ಸೂಜಿ ಕೆಳಗಿಟ್ಟ. ತಾಯಿ ಹೋದಳು.

ಆಮೇಲೆ ಅವನು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತ. ಮಧ್ಯಾಹ್ನ ಎಡಗೈಯಲ್ಲಿ ಚಮಚ ಹಿಡಿದು ಉಂಡ. ದೀಪ ಹಚ್ಚುವ ಹೊತ್ತಾದರೂ ನೋವು ಬರಲಿಲ್ಲ. ಇನ್ನೇಕೆ ಹೆದರುತ್ತೀರಿ ಎಂದು ಹೆಂಡತಿ ಕೇಳಿದಳು. ಇಷ್ಟು ತಡವಾಗಿ ಬರುವುದು ಸುಮ್ಮನೆ ಬರುವುದಿಲ್ಲ ಎಂದ. ಮರುದಿನವೂ ಹಾಗೆಯೇ ಕೂತ. ಮತ್ತೆ ಆಸ್ಪತ್ರೆಗೆ ಕರೆದರೆ ಏಳಲಿಲ್ಲ. ಅಲ್ಲಿಗೆ ಹೋದಷ್ಟೂ ಕಾಯುವುದು ಹೆಚ್ಚಾಗುತ್ತದೆ ಎಂದ. ಕೆಲವು ದಿನ ಕಳೆದು, ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಹೆಬ್ಬೆರಳು ಸೆಟೆಯಿತು. ಹೆಂಡತಿಯನ್ನು ಕರೆದು, ಬಂತು ಎಂದ. ಅವನ ಮುಖ ತಿಳಿಯಾಗಿತ್ತು. ಅಂದು ಹೊಟ್ಟೆ ತುಂಬ ಉಂಡ.

ಗುರುಗಳು ಕತೆ ನಿಲ್ಲಿಸಿದರು. ಸಾಂಬಯ್ಯ, ಅವನು ಆ ಮಗುವನ್ನು ಉಳಿಸಿದನಲ್ಲವೇ, ಅದು ಎಚ್ಚರಿಕೆಯೇ ತಾನೇ ಎಂದು ಕೇಳಿದ.

"ಸೂಜಿ ಕೆಳಗಿಡುವವರೆಗೆ ಇದ್ದದ್ದು ಎಚ್ಚರಿಕೆ," ಎಂದರು ಗುರುಗಳು, "ಆಮೇಲಿನದಕ್ಕೆ ನೀನೇ ಹೆಸರಿಡು."