ಮೇಜಿನ ಮೇಲಿನ ನೀರು

ದಾವಣಗೆರೆಯ ಬಟ್ಟೆ ಅಂಗಡಿಯ ಸಾಹುಕಾರ ಗುರುಶಾಂತಪ್ಪನವರು ಮೇಜು ಗುದ್ದದೆ ಒಂದು ಮಾತೂ ಆಡಿದವರಲ್ಲ. ಅವರ ಗುಮಾಸ್ತನಿಗೆ ಮನೆಯಲ್ಲಿ ಫೈಟರ್ ಮೀನು ಸಾಕಿ ಮರಿ ಮಾಡಿಸುವ ಹುಚ್ಚು. ಒಂದು ದಿನ ಅಪ್ಪಣೆಯಾಯಿತು: "ನಿನ್ನ ಆ ನೀಲಿ ಗಂಡು ಮೀನು ನಾಳೆ ನನ್ನ ಮೇಜಿನ ಮೇಲಿರಬೇಕು. ಗಿರಾಕಿಗಳು ನೋಡಲಿ!"

ಗುಮಾಸ್ತನ ಮನೆಯಲ್ಲಿ ಆ ಗಂಡು ನೀರಿನ ಮೇಲೆ ಗುಳ್ಳೆಗಳ ಗೂಡು ಕಟ್ಟಿ ಮೊಟ್ಟೆ ಕಾಯುತ್ತಿತ್ತು. ಆದರೆ ಸಂಬಳ ಕೊಡುವವರ ಎದುರು ಇಲ್ಲ ಎನ್ನುವುದು ನೌಕರಿಗೆ ಒಳ್ಳೆಯದಲ್ಲ.

ಮರುದಿನ ಅವನು ಬರೀ ನೀರು ತುಂಬಿದ ಗಾಜಿನ ಜಾಡಿ ತಂದಿಟ್ಟ.

"ಮೀನೆಲ್ಲೋ?"

"ಮೊಟ್ಟೆ ಕಾಯ್ತಾ ಇದೆ ಸಾಹುಕಾರ್ರೇ. ಬೆದರಿದರೆ ತನ್ನ ಮೊಟ್ಟೆ ತಾನೇ ತಿಂದುಬಿಡುತ್ತೆ. ಸಂಜೆವರೆಗೂ ಈ ನೀರು ಅಲುಗಾಡದಿದ್ದರೆ ನಾಳೆ ಗೂಡಿನ ಸಮೇತ ತರ್ತೀನಿ."

"ಅಷ್ಟೇನಾ!" ಎಂದು ಗುದ್ದಲು ಎತ್ತಿದ ಕೈಯನ್ನು ಸಾಹುಕಾರರು ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡರು.

ಹನ್ನೊಂದರವರೆಗೆ ವ್ಯಾಪಾರ ಪಿಸುಮಾತಿನಲ್ಲೇ ನಡೆಯಿತು. ಆಮೇಲೆ ಒಬ್ಬಾಕೆ ಇಳಕಲ್ ಸೀರೆ ಮುಟ್ಟಿ, "ಇದು ಬಣ್ಣ ಬಿಡುತ್ತೇನ್ರೀ?" ಎಂದಳು.

"ನಮ್ಮ ಅಂಗಡೀದಾ?" ಮೇಜು ಧಡ್ ಎಂದಿತು. ನೀರು ತುಳುಕಿ ಸಾಹುಕಾರರ ಪಂಚೆ ಒದ್ದೆಯಾಯಿತು.

ಗುಮಾಸ್ತ ಜಾಡಿಯೊಳಗೆ ಬಗ್ಗಿ ನೋಡಿ, "ಮುನ್ನೂರು ಮರಿ ಹೋದವು," ಎಂದ.

ಸಾಹುಕಾರರ ಮುಖ ಬಿಳಿಚಿತು. "ಅಯ್ಯೋ, ಒಳಗಿದ್ದವೇನೋ?"

"ಇಲ್ಲ, ಬರೀ ನೀರು."

ಅವರು ಉಸಿರು ಬಿಟ್ಟು ಹಣೆ ಒರೆಸಿಕೊಂಡರು. "ಮನೇಲೇ ಇರ್ಲಿ ಬಿಡಪ್ಪ. ಮರಿಗಳು ದೊಡ್ಡವಾದ ಮೇಲೆ, ಅದರಲ್ಲಿ ಕಿವಿ ಕೇಳದ್ದು ಒಂದಿದ್ರೆ ನನಗೆ ತಂದ್ಕೊಡು."