ಸೋಪಾನದ ಸ್ವಾಮಿಗಳೂ ಮುದ್ದಯ್ಯನ ಮಸೆಗಲ್ಲೂ

ಕಪಿಲೆಯ ದಂಡೆಯಲ್ಲಿ, ಊರಿಗೆ ತುಸು ಹೊರಗೆ, ಹಳೆಯದೊಂದು ಸೋಪಾನಕಟ್ಟೆಯಿತ್ತು. ಅದರ ಮೇಲಿನ ಮೆಟ್ಟಿಲಿಗೆ ತಾಗಿದ ಕಲ್ಲುಮಂಟಪಕ್ಕೆ ಮೂರೇ ಕಂಬ. ನಾಲ್ಕನೆಯದನ್ನು ಯಾವ ಕಾಲದ ಪ್ರವಾಹವೋ ಒಯ್ದಿತ್ತು. ಒಂದು ಚಾಪೆ, ಒಂದು ಕಮಂಡಲು, ಎರಡು ಕಾವಿಬಟ್ಟೆ. ಆ ಮಂಟಪದಲ್ಲಿ ನೆಲೆಸಿದ್ದ ಪರಮಪೂಜ್ಯರ ಆಸ್ತಿಯೆಲ್ಲ ಇಷ್ಟೇ. ಅವರು ಎಲ್ಲಿಂದ ದಯಮಾಡಿಸಿದರು, ಪೂರ್ವಾಶ್ರಮದಲ್ಲಿ ಯಾರಾಗಿದ್ದರು ಎಂಬುದು ಯಾರಿಗೂ ತಿಳಿಯದು. ಸನ್ಯಾಸಿಗಳನ್ನು ಹಾಗೆಲ್ಲ ಕೇಳಬಾರದು. ಮರ್ಯಾದೆ ಮರೆತು ಕೇಳಿದವರುಂಟು. ಸ್ವಾಮಿಗಳು ಆಗ ಹೊಳೆಯ ಕಡೆ ನೋಡುತ್ತ ಕುಳಿತುಬಿಡುತ್ತಿದ್ದರು. ಜನ ಅವರನ್ನು ಸೋಪಾನದ ಸ್ವಾಮಿಗಳು ಎಂದರು, ಆ ಹೆಸರೇ ನಿಂತಿತು.

ಪ್ರತಿ ಹುಣ್ಣಿಮೆಯ ಬೆಳಗ್ಗೆ ಸ್ವಾಮಿಗಳಿಗೆ ಮುಂಡನ. ಹನ್ನೆರಡು ವರ್ಷಗಳಿಂದ ಆ ಸೇವೆ ಊರಿನ ಕ್ಷೌರಿಕ ಮುದ್ದಯ್ಯನದು. ಬೇರೆ ಯಾರದೇ ತಲೆಯಾಗಲಿ, ಪಟೇಲರದೇ ಆಗಲಿ, ಅವನು ಹಿಡಿದು ತಿರುಗಿಸಬೇಕಿತ್ತು. ಸ್ವಾಮಿಗಳದು ಹಾಗಲ್ಲ. ಕತ್ತಿ ಮುಂದೆಲ್ಲಿಗೆ ಬರುವುದೋ ಅಲ್ಲಿಗೆ ಅವರ ಶಿರಸ್ಸು ತಾನಾಗಿ ವಾಲುತ್ತಿತ್ತು. “ಮಹಾತ್ಮರಿಗೆ ಮೈಯೆಲ್ಲ ಕಣ್ಣು ಕಣೇ,” ಎಂದು ಮುದ್ದಯ್ಯ ಹೆಂಡತಿ ಕಾಳಮ್ಮನ ಮುಂದೆ ಹೇಳಿ ಹೇಳಿ ಹಿಗ್ಗುತ್ತಿದ್ದ.

ಮಾರ್ಗಶಿರದ ಹುಣ್ಣಿಮೆಯಂದು ಮುದ್ದಯ್ಯನ ಕೈ ತಪ್ಪಿತು. ಬಲಗಿವಿಯ ಹಿಂದೆ ಒಂದು ಗೀರು. ಒಂದೇ ಒಂದು ಹನಿ ರಕ್ತ ಕತ್ತಿನ ಮೇಲೆ ಇಳಿದು ಮೆಟ್ಟಿಲಿಗೆ ಬಿತ್ತು. ಸ್ವಾಮಿಗಳು ಕಮಂಡಲುವಿನ ನೀರಿನಿಂದ ಗೀರನ್ನು ತೊಳೆದುಕೊಂಡು ಮತ್ತೆ ತಲೆ ಬಾಗಿಸಿದರು. ಆದರೆ ಹೊಳೆದಂಡೆಯ ಗುಡಿಯ ಪಾರುಪತ್ತೇಗಾರ ನರಸಪ್ಪಯ್ಯನವರು ಸ್ನಾನಕ್ಕೆ ಇಳಿಯುತ್ತಿದ್ದವರು ಅದನ್ನು ನೋಡಿದರು.

“ಮಹಾತ್ಮರ ರಕ್ತ ನೆಲಕ್ಕೆ ಬಿತ್ತಲ್ಲಯ್ಯಾ! ನಿನ್ನ ಕೈ ಮುಗೀತು. ಬರೋ ಹುಣ್ಣಿಮೆಗೆ ಆಚೆದಡದ ಬೋಳಯ್ಯನ್ನ ಕರೆಸ್ತೀನಿ.”

ಮುದ್ದಯ್ಯ ಸ್ವಾಮಿಗಳ ಮುಖ ನೋಡಿದ. ಅವರು ಏನೂ ಅನ್ನಲಿಲ್ಲ. ಆ ಮೌನವನ್ನು ಅವನು ಒಪ್ಪಿಗೆಯೆಂದೇ ತಿಳಿದ.

ಅಂದಿನಿಂದ ಮಸೆಯಲು ಕುಳಿತ. ಅಪ್ಪನ ಕಾಲದ ಕತ್ತಿ, ಅಪ್ಪನ ಕಾಲದ ಕರಿಯ ಮಸೆಗಲ್ಲು. ಬೆಳಗಾದರೆ ಜಗಲಿಯ ಮೇಲೆ ನೀರಿನ ಬಟ್ಟಲು ಇಟ್ಟುಕೊಂಡು ಶುರು. ಸಂಜೆ ದೀಪ ಹಚ್ಚುವವರೆಗೂ ಸರ್ರ್, ಸರ್ರ್. ಕೈ ನಿಂತರೆ ಸಾಕು, ಆ ಒಂದು ಹನಿ ಕಣ್ಣಿಗೆ ಕಟ್ಟುತ್ತಿತ್ತು. ಆಶ್ಚರ್ಯವೆಂದರೆ, ಮಸೆದಷ್ಟೂ ಕತ್ತಿ ಗೀರತೊಡಗಿತು. ಗೌಡರ ಅಳಿಯನ ಗಲ್ಲ ಗೀರಿತು, ಶಾಲೆಯ ಮೇಷ್ಟ್ರ ಮೂಗಿನಡಿ ಗೀರಿತು. ಜನ ದೂರ ಸರಿದರು. ಇನ್ನೂ ಹರಿತ ಸಾಲದೆಂದು ಮುದ್ದಯ್ಯ ಇನ್ನಷ್ಟು ಮಸೆದ.

“ಕತ್ತಿ ಮಸೀತಿದ್ದೀರೋ, ಕಲ್ಲು ಮಸೀತಿದ್ದೀರೋ?” ಎಂದಳು ಕಾಳಮ್ಮ. “ಹಿಂಗೇ ಬಿಟ್ರೆ ಯುಗಾದಿ ಹೊತ್ತಿಗೆ ಎರಡೂ ಇರಾಕಿಲ್ಲ.”

ಅವನು ನಗಲಿಲ್ಲ. ಪುಷ್ಯದ ಹುಣ್ಣಿಮೆ ಬಂದಾಗ ಮನಸ್ಸಿನಲ್ಲಿ ಒಂದು ನಿರ್ಧಾರ ಮಾಡಿಕೊಂಡಿದ್ದ. ಬೋಳಯ್ಯನ ದೋಣಿ ಈಚೆ ಬರುವ ಮೊದಲೇ ಹೋಗಿ ಕತ್ತಿ, ಕಲ್ಲು ಎರಡನ್ನೂ ಹೊಳೆಗೆ ಹಾಕಿಬಿಡುವುದು. ತಾತನಿಂದ ಬಂದ ಕಸುಬು ಇಲ್ಲಿಗೆ ಸಾಕು.

ಆ ಬೆಳಗ್ಗೆ ಹೊಳೆಯೇ ಇರಲಿಲ್ಲ. ಬರೀ ಮಂಜು. ಮೆಟ್ಟಿಲುಗಳು ನಾಲ್ಕೈದು ಕಂಡು, ಆಮೇಲೆ ಬಿಳುಪಿನೊಳಗೆ ಇಳಿದುಹೋಗಿದ್ದವು. ಆಕಾಶ ಯಾವುದು, ನೀರು ಯಾವುದು ತಿಳಿಯದ ಆ ಬಿಳುಪಿನಲ್ಲಿ ಮುಳುಗುವ ಚಂದ್ರ ಮಸುಕಾದ ಬೆಳ್ಳಿಬಟ್ಟಲಿನಂತೆ ತೇಲುತ್ತಿದ್ದ. ನಿದ್ದೆಯಲ್ಲಿ ನಡೆಯುವವನಂತೆ ಮುದ್ದಯ್ಯ ಇಳಿದ. ಏಳನೆಯ ಮೆಟ್ಟಿಲಿನಲ್ಲಿ ಕಾವಿಯ ಬಣ್ಣ ಮಂಜಿನಿಂದ ಮೆಲ್ಲಗೆ ಮೂಡಿತು.

“ಬಂದೆಯಾ? ತಲೆ ನೆನೆಸಿಕೊಂಡು ಕೂತಿದ್ದೇನೆ,” ಎಂದರು ಸ್ವಾಮಿಗಳು.

ಮುದ್ದಯ್ಯ ಅಲ್ಲೇ ಮೆಟ್ಟಿಲ ಮೇಲೆ ಕುಳಿತ. “ನನ್ನ ಕೈಲಾಗಾಕಿಲ್ಲ ಬುದ್ದೀ. ಬೋಳಯ್ಯ ಬತ್ತಾನೆ, ಅವನ ಕೈಲಿ ಮಾಡಿಸ್ಕಳಿ. ತಿಂಗಳಿಂದ ಮಸೀತಾ ಇವ್ನಿ, ಹರಿತ ಬತ್ತಾ ಇಲ್ಲ.”

“ಎಲ್ಲಿ, ಕೊಡು.”

ದುಃಖಕ್ಕೆ ರೋಷವೂ ಸೇರಿ ಅವನ ಬಾಯಿ ಜಾರಿತು. “ಬುದ್ಯೋರು ದೇವರನ್ನ ಬಲ್ಲೋರು, ಕತ್ತಿ ಸಂಕಟ ತಮಗೆ ಹೆಂಗೆ ಗೊತ್ತಾಗಬೇಕು?”

ಸ್ವಾಮಿಗಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬೇರೆ ದಾರಿಯಿಲ್ಲದೆ ಮುದ್ದಯ್ಯ ಕತ್ತಿಯನ್ನೂ ಕಲ್ಲನ್ನೂ ಅವರ ಮುಂದಿಟ್ಟ.

ಸ್ವಾಮಿಗಳು ಮೊದಲು ಮಾಡಿದ್ದೇ ಬೇರೆ. ಅಲಗನ್ನು ನೆಟ್ಟಗೆ ನಿಲ್ಲಿಸಿ, ಅದರ ಬಾಯನ್ನೇ ಕಲ್ಲಿನ ಅಂಚಿಗೆ ಒಮ್ಮೆ ಹಗುರವಾಗಿ ಎಳೆದುಬಿಟ್ಟರು.

“ಅಯ್ಯೋ ಬುದ್ದೀ, ಮೊಂಡಾಯ್ತು!”

ಮಿತಿಮೀರಿ ಮಸೆದ ಅಲಗಿನ ಬಾಯಲ್ಲಿ ನೂಲಿನಂಥ ಉಕ್ಕಿನ ಎಳೆಯೊಂದು ಏಳುತ್ತದೆ. ಹರಿತದಂತೆಯೇ ತೋರುತ್ತದೆ, ಚರ್ಮಕ್ಕೆ ತಾಗಿದೊಡನೆ ಬಾಗಿ ಗೀರುತ್ತದೆ. ಅದನ್ನು ಮುರಿದುಹಾಕದೆ ಬೇರೆ ಮದ್ದಿಲ್ಲ. ಅಪ್ಪ ಹೇಳಿಕೊಟ್ಟ ಮೊದಲ ಪಾಠವೇ ಅದು. ಭಯದಲ್ಲಿ ಮುದ್ದಯ್ಯ ಮರೆತಿದ್ದ. ಈಗ ನೆನಪಾಯಿತು. ನೆನಪಾದೊಡನೆ ಇನ್ನೊಂದು ಪ್ರಶ್ನೆಯೂ ಎದ್ದಿತು: ಇದು ಸ್ವಾಮಿಗಳಿಗೆ ಹೇಗೆ ಗೊತ್ತು?

ಅವರು ಕಲ್ಲಿಗೆ ನೀರು ಚಿಮುಕಿಸಿ, ಕತ್ತಿಯನ್ನು ಮಲಗಿಸಿ, ಅತ್ತ ಒಮ್ಮೆ ಇತ್ತ ಒಮ್ಮೆ ಸಾಗಿಸಿದರು. ಪ್ರತಿಸಲವೂ ಕಲ್ಲಿನ ತುದಿಯಲ್ಲಿ ಕತ್ತಿ ಬೆನ್ನಿನ ಮೇಲೇ ಹೊರಳಿತು, ಬಾಯಿ ಕಲ್ಲಿಗೆ ಎಡವಲಿಲ್ಲ. ಸದ್ದು ಮೊದಲು ಒರಟಾಗಿತ್ತು. ಬರಬರುತ್ತ ತೆಳುವಾಯಿತು, ರೇಷ್ಮೆ ಎಳೆದಂತಾಯಿತು, ಕೊನೆಗೆ ಹೊಳೆಯ ಉಸಿರೋ ಕತ್ತಿಯ ಉಸಿರೋ ಎಂದು ತಿಳಿಯದಷ್ಟು ಸಣ್ಣದಾಯಿತು. ಆ ಕ್ಷಣಕ್ಕೆ ಸರಿಯಾಗಿ ಸ್ವಾಮಿಗಳು ಕೈ ನಿಲ್ಲಿಸಿದರು. ಅಂಗೈಗೆ ಕತ್ತಿಯನ್ನು ನಾಲ್ಕು ಸಲ ಸವರಿದರು.

ಆಗ ಮುದ್ದಯ್ಯ ಆ ಕೈಯನ್ನು ನೋಡಿದ. ಹನ್ನೆರಡು ವರ್ಷ ಆ ಶಿರಸ್ಸಿನ ಪ್ರತಿ ಅಂಗುಲವನ್ನೂ ಬಲ್ಲವನು, ಕೈಯನ್ನು ನೋಡಿರಲಿಲ್ಲ. ಬಲಗೈಯ ಕಿರುಬೆರಳ ಬುಡದಲ್ಲಿ, ಕತ್ತಿಯ ಬಾಲ ಒತ್ತುವ ಜಾಗದಲ್ಲಿ, ಹಳೆಯದೊಂದು ಜಡ್ಡು. ಮುದ್ದಯ್ಯ ತನ್ನ ಕೈ ತಿರುಗಿಸಿ ನೋಡಿಕೊಂಡ. ಅದೇ ಜಾಗ, ಅದೇ ಜಡ್ಡು. ಕತ್ತಿ ಬರುವ ಮೊದಲೇ ವಾಲುತ್ತಿದ್ದ ಆ ತಲೆಯ ಗುಟ್ಟು ಈಗ ಬಯಲಾಯಿತು.

“ಬುದ್ದೀ... ತಾವು...”

ಸ್ವಾಮಿಗಳು ಹೊಳೆಯ ಕಡೆ ನೋಡಿದರು. ಆಮೇಲೆ ಕತ್ತಿಯನ್ನು ಅವನ ಕೈಯಲ್ಲಿಟ್ಟು, “ಹರಿತ ಎಂದೋ ಬಂದಿತ್ತು ಮುದ್ದಯ್ಯ. ನೀನು ನಿಲ್ಲಿಸಲಿಲ್ಲ,” ಎಂದರು. ಶಿರಸ್ಸು ಬಾಗಿತು.

ಕತ್ತಿ ಎಲ್ಲೂ ಗೀರದೆ ನಡೆಯಿತು. ಬಲಗಿವಿಯ ಹಿಂದೆ ಹೋದ ತಿಂಗಳ ಗೀರು ಮಾಯ್ದು ಚರ್ಮದ ಬಣ್ಣಕ್ಕೆ ಬಂದಿತ್ತು, ಹುಡುಕಿದರೂ ಸಿಗಲಿಲ್ಲ.

ಮಂಜು ಹರಿಯುವ ಹೊತ್ತಿಗೆ ನರಸಪ್ಪಯ್ಯನವರು ಬೋಳಯ್ಯನನ್ನು ಕರೆದುಕೊಂಡು ಬಂದರು. ಸ್ವಾಮಿಗಳ ಶಿರಸ್ಸು ತೊಳೆದ ಶಾಲಗ್ರಾಮದಂತೆ ನುಣುಪಾಗಿತ್ತು. ಬೋಳಯ್ಯ ಕೆಳಗಿದ್ದ ಕತ್ತಿಯನ್ನೆತ್ತಿ ಮುಂಗೈ ಕೂದಲಿಗೆ ತಾಗಿಸಿ ನೋಡಿದ.

“ಈ ಕತ್ತಿ ಊರಾಗಿರೋವಾಗ ನನ್ನ ಯಾಕೆ ಚಳಿಯಾಗೆ ಹೊಳೆ ದಾಟಿಸಿದ್ರಿ ಸ್ವಾಮಿ? ಯಾರಪ್ಪ ಮಸೆದಿದ್ದು?”

ನರಸಪ್ಪಯ್ಯನವರೂ ಮುದ್ದಯ್ಯನ ಮುಖ ನೋಡಿದರು. ಸ್ವಾಮಿಗಳು ಸುಮ್ಮನಿದ್ದರು. ಅವರ ಮೌನದ ಅರ್ಥ ಮುದ್ದಯ್ಯನಿಗೆ ಈ ಸಲ ತಪ್ಪಲಿಲ್ಲ.

“ನಮ್ಮ ಗುರುಗಳು ಕಲಿಸಿದ್ದು,” ಎಂದಷ್ಟೇ ಹೇಳಿ ಕೈಮುಗಿದ. ಅದಕ್ಕಿಂತ ಹೆಚ್ಚಿನ ಮಾತು, ಸ್ವಾಮಿಗಳು ದೇಹ ಬಿಡುವವರೆಗೂ ಅವನ ಬಾಯಿಂದ ಬರಲಿಲ್ಲ.

ಮನೆಯಲ್ಲಿ ಕಾಳಮ್ಮ ಬಹಳ ಹೊತ್ತು ಕಿವಿಗೊಟ್ಟಳು. ಜಗಲಿಯಿಂದ ಸದ್ದೇ ಇಲ್ಲ. ಗಾಬರಿಯಾಗಿ ಹೊರಬಂದಳು.

“ಏನಾಯ್ತು? ಕಲ್ಲು ಸವೆದು ಮುಗಿದೇ ಹೋಯ್ತಾ?”

“ಇಲ್ಲ ಕಣೇ,” ಎಂದ ಮುದ್ದಯ್ಯ. “ಒಣಗಾಕೆ ಇಟ್ಟಿವ್ನಿ.”

ತಿಂಗಳಿಂದ ನೀರಾರದ ಕಲ್ಲು ಬಿಸಿಲಲ್ಲಿ ಮಲಗಿತ್ತು. ಅಂಚಿನಿಂದ ಒಳಕ್ಕೆ, ಮೆಲ್ಲಮೆಲ್ಲಗೆ, ಅದರ ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತಿತ್ತು. ಮುದ್ದಯ್ಯ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಕುಳಿತಿದ್ದ.