ಚಕ್ರಕ್ಕೆ ಅರಿಶಿನ ಕುಂಕುಮ

ತಿಪಟೂರಿನ ಕೊಬ್ಬರಿ ಮಂಡಿ ಸಾಹುಕಾರ ಚೆನ್ನವೀರಪ್ಪನಿಗೆ ಐವತ್ತನೇ ವಯಸ್ಸಲ್ಲೊಂದು ಹುಚ್ಚು ಹತ್ತಿತು ನೋಡಿ. ಭಾನುವಾರ ರೇಸ್ ಟ್ರ್ಯಾಕಿನಲ್ಲಿ ಮೋಜಿಗೆ ಓಡಿಸಲು ಹಗುರವಾದ ಹಳೇ ಬೈಕ್ ಬೇಕು. ತನ್ನ ಕಾರಿನ ಡ್ರೈವರನನ್ನು ಕರೆದುಕೊಂಡು, ಹಳೇ ಬೈಕ್ ಮಾರುವ ಜಯಸಿಂಹನ ಅಂಗಡಿಗೆ ಹೋದ.

"ಆರಿಸೋನು ನೀನು. ತಿರುವಿನಲ್ಲಿ ಅದು ನಡುಗಿತೋ, ಕೆಲಸ ಬಿಟ್ಟು ನಡಿ," ಅಂದ.

ಡ್ರೈವರನಿಗೆ ಬೇರೆಯದೇ ಚಿಂತೆ. ಕೆಲಸ ಹೋದರೆ ಹೋಯಿತು, ಧಣಿಯ ತಲೆಯೇ ಒಡೆದರೆ?

ಜಯಸಿಂಹ ಥಳಥಳ ಹೊಳೆಯುವ ಕೆಂಪು ಬೈಕ್ ತೋರಿಸಿದ. "ಒಂದು ಸಲವೂ ಬಿದ್ದಿಲ್ಲ. ಬಿಚ್ಚಿ ನೋಡೋದು, ಓಡಿಸಿ ನೋಡೋದು ನನ್ನಲ್ಲಿಲ್ಲ. ನನ್ನ ಮಾತೇ ಗ್ಯಾರಂಟಿ!"

ಡ್ರೈವರ್ ಕೈ ಮುಗಿದ. "ಆಗ್ಲಿ ಸ್ವಾಮಿ. ಒಂದು ಪೂಜೆಯಾದ್ರೂ ಮಾಡ್ಲಾ?"

ಪೂಜೆ ಬೇಡ ಅನ್ನೋಕಾದೀತೇ? "ಮಾಡಪ್ಪ," ಅಂದ ಜಯಸಿಂಹ.

ಡ್ರೈವರ್ ದೇವರ ಪಟದ ಮುಂದಿದ್ದ ಕುಂಕುಮವನ್ನು ನೀರಲ್ಲಿ ಕಲಸಿ ಮುಂದಿನ ಚಕ್ರದ ಟೈರಿನ ಸುತ್ತ ಬಳಿದ. ಹಿಂದಿನದಕ್ಕೆ ಅರಿಶಿನ. ಆಮೇಲೆ ಬೈಕನ್ನು ಸಿಮೆಂಟು ನೆಲದ ಮೇಲೆ ನೆಟ್ಟಗೆ ತಳ್ಳಿದ. ಕೆಂಪು ಗೆರೆ ಒಂದು ಕಡೆ, ಹಳದಿ ಗೆರೆ ಎರಡು ಬೆರಳು ಆಚೆ!

"ಹಿಂದಿನ ಚಕ್ರ ಮುಂದಿನದರ ಹೆಜ್ಜೇಲೇ ನಡೀಬೇಕಲ್ವಾ ಸ್ವಾಮಿ? ಬೀಳದ ಬೈಕಿನ ಸೊಂಟ ಹೇಗೆ ಸೊಟ್ಟಗಾಯ್ತು?"

"ನೆಲವೇ ಸೊಟ್ಟ ಕಣಯ್ಯಾ!" ಜಯಸಿಂಹ ರೇಗಿದ.

"ಹಾಗಾದ್ರೆ ಆ ಮೂಲೆಯ ಬಡಪಾಯಿಗೂ ಪೂಜೆ ಆಗ್ಲಿ."

ಧೂಳು ಹಿಡಿದ ಪುಟ್ಟ ಬೈಕಿಗೂ ಹಾಗೇ ಬಳಿದು, ಅದೇ ನೆಲದಲ್ಲಿ ತಳ್ಳಿದ. ಕೆಂಪಿನ ಮೇಲೇ ಹಳದಿ ಕೂತು ಒಂದೇ ಗೆರೆ.

ಸಾಹುಕಾರ ಅದನ್ನೇ ಕೊಂಡ. ಮರುದಿನ ಜಯಸಿಂಹನ ಅಂಗಡಿ ಬಾಗಿಲಿಗೆ ಬೋರ್ಡು ಬಿತ್ತು: "ಪೂಜೆಯನ್ನು ಮನೆಯಲ್ಲೇ ಮಾಡಿಕೊಳ್ಳಿ."